ಎಂಜಿನ್ ನೋಡಿ ತಗೊಂಡೆ, ಸೋರಿದ್ದು ಟಪ್ಪು: ಹಳೆ ಕ್ಯಾಂಪರ್ ವ್ಯಾನ್ ಜೊತೆ ನಾಲ್ಕು ವರ್ಷ

ಗಾಡಿ ಫೋರ್ಸ್ ಟ್ರಾವೆಲರ್ 3350, 2014ರ ಮಾಡೆಲ್, ಕೊಲ್ಹಾಪುರ ಪಾಸಿಂಗ್. ಒಳಗಿನ ಮಂಚ, ಅಡಿಗೆಕಟ್ಟೆ, ಸಂಡಾಸ್ ಎಲ್ಲ ಮೊದಲ ಮಾಲೀಕರು ಮಾಡಿಸಿದ್ದು. 2021ರ ದೀಪಾವಳಿ ಹೊತ್ತಿಗೆ ಎಂಟೂವರೆ ಲಕ್ಷಕ್ಕೆ ತಗೊಂಡೆ. ಆಗ ಮೀಟರ್ 1,12,000 ತೋರಿಸುತ್ತಿತ್ತು, ಈಗ 1,43,000. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಓಡಿಸುವವನು ನಾನೊಬ್ಬನೇ, ಹತ್ತುವವರು ಮನೆಯವಳು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅವ್ವ.

ಕೊಳ್ಳುವಾಗ ಪರಿಚಯದ ಮಿಸ್ತ್ರಿಯನ್ನು ಕರಕೊಂಡು ಹೋಗಿದ್ದೆ. ಆತ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಮೂಸಿ, ಹೊಗೆ ನೋಡಿ, ಗಾಲಿಯ ಮೇಲಿನ ಸ್ಪ್ರಿಂಗ್ ಪಾಟಾ ಬಡಿದು, "ಎಂಜಿನ್ ಭಾರಿ ಐತ್ರೀ ಸರ, ಕಣ್ಣು ಮುಚ್ಚಿ ತಗೋರಿ" ಎಂದ. ಅವನ ಮಾತು ಸುಳ್ಳಾಗಲಿಲ್ಲ. ಒಂದು ಸಲ ಕ್ಲಚ್ ಪ್ಲೇಟ್ ಬಿಟ್ಟರೆ ಎಂಜಿನ್ ಏನೂ ಕೇಳಿಲ್ಲ. ಬಯಲಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್, ಗೋವಾ ದಾರಿಯ ಚೋರ್ಲಾ ಘಾಟ್ ಹತ್ತಿದರೆ ಎಂಟು. ಟ್ರಾವೆಲರ್ ಗೊತ್ತಿರುವ ಮಿಸ್ತ್ರಿ ಎಲ್ಲ ಊರಲ್ಲೂ ಸಿಗುತ್ತಾನೆ, ಈ ಗಾಡಿ ಆರಿಸಲು ಅದೊಂದೇ ಕಾರಣ ಸಾಕು. ಆದರೆ ಗಾಡಿಯನ್ನಷ್ಟೇ ಪರೀಕ್ಷೆ ಮಾಡಿದೆವು, ಅದರೊಳಗಿನ ಮನೆಯನ್ನು ಯಾರೂ ಮುಟ್ಟಿ ನೋಡಲಿಲ್ಲ.

ಮುಂದಿನ ಜೂನ್‌ನಲ್ಲಿ ಮಹಾರಾಷ್ಟ್ರದ ಘಟ್ಟದೂರು ಆಂಬೋಲಿಗೆ ಹೋದೆವು. ರಾತ್ರಿ ಎರಡರ ಸುಮಾರಿಗೆ ಮಗಳು ಎಬ್ಬಿಸಿದಳು: "ಪಪ್ಪಾ, ಯಾರೋ ನನ್ನ ಮ್ಯಾಲ ನೀರ ಚೆಲ್ಯಾರ." ಟಾರ್ಚ್ ಹಾಕಿದರೆ ಎಸಿ ಕೂಡಿಸಿದ ಜಾಗದಿಂದ ನೀರು ಮೈಕಾ ಹಿಡಿದು ಇಳಿದು ಅವಳ ತಲೆದಿಂಬಿಗೆ ಬೀಳುತ್ತಿತ್ತು. ಬೆಳಗಿನವರೆಗೆ ಪಾತೇಲಿ ಇಟ್ಟು ಕೂತೆವು. ಊರಿಗೆ ಬಂದು ಬಡಿಗೇರರನ್ನು ಕರೆಸಿ ಮೈಕಾ ತೆಗೆಸಿದಾಗ ಒಳಗಿನ ಪ್ಲೈವುಡ್ ಹಾಲಲ್ಲಿ ನೆನೆಸಿದ ಕಟಕ ರೊಟ್ಟಿಯಂತೆ ಬೆರಳಿಗೇ ಮುರಿದು ಬಂತು. ಅದು ಒಂದು ಮಳೆಗೆ ಕೊಳೆತದ್ದಲ್ಲ. ಸೋಲಾರ್ ಸ್ಟ್ಯಾಂಡಿಗೆಂದು ಟಪ್ಪಿನಲ್ಲಿ, ಅಂದರೆ ಗಾಡಿಯ ಚಾವಣಿಯಲ್ಲಿ, ಕೊರೆದ ತೂತುಗಳ ಸಿಲಿಕಾನ್ ಎಂದೋ ಒಣಗಿ ಬಿರಿದಿತ್ತು, ಮಾರುವ ಮುಂದೆ ಒಳಗೆ ಹೊಸ ಮೈಕಾ ಅಂಟಿಸಿದ್ದರು. ಪ್ಲೈ ತೆಗೆದು ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟ್ ಹಾಕಿಸಿ, ಟಪ್ಪು ಸೀಲ್ ಮಾಡಿಸುವಷ್ಟರಲ್ಲಿ 38 ಸಾವಿರ ಹೋಯಿತು.

ಈಗ ಯಾರಾದರೂ ಹಳೆ ಗಾಡಿ ನೋಡಲು ನನ್ನನ್ನು ಕರೆದರೆ ಎಂಜಿನ್ ತಂಟೆಗೆ ಹೋಗುವುದಿಲ್ಲ. ಕಿಟಕಿಯ ಮೂಲೆ, ಟಪ್ಪಿನ ಅಂಚು, ಸಂಡಾಸಿನ ಗೋಡೆಯ ಬುಡ, ಇಷ್ಟನ್ನೂ ಹೆಬ್ಬೆರಳಿಂದ ಒತ್ತುತ್ತೇನೆ. ಮೆತ್ತಗಾದರೆ ಅಲ್ಲಿಗೆ ಮುಗಿಯಿತು. ಎಲ್ಲ ಹಳೆಯದಿದ್ದು ಒಂದೇ ಕಡೆ ಹೊಸ ಮೈಕಾ ಇದ್ದರೆ ಏಕೆಂದು ಕೇಳುತ್ತೇನೆ. ಅರ್ಧ ತಾಸು ಪೈಪಿನಿಂದ ಟಪ್ಪಿನ ಮೇಲೆ ನೀರು ಬಿಡಲು ಒಪ್ಪದ ಮಾಲೀಕನ ಹತ್ತಿರ ಮಾತು ಬೆಳೆಸುವುದಿಲ್ಲ. ಟಯರಿನ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ: 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಇಂಥ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಹಲ್ಲು ಸವೆಯುವ ಮೊದಲೇ ಟಯರ್ ಬಿರುಕು ಬಿಡುತ್ತದೆ.

ಕಾಗದದ ವಿಷಯದಲ್ಲಿ ಮಾತ್ರ ನಾನು ಮೋಸ ಹೋಗಲಿಲ್ಲ. ಇದಕ್ಕೂ ಮುಂಚೆ ನೋಡಿದ ಗಾಡಿಯೊಂದರಲ್ಲಿ ಒಳಗೆ ಚಂದದ ಮಂಚಗಳಿದ್ದವು, ಆರ್‌ಸಿ ಬುಕ್ಕಿನಲ್ಲಿ ಮಾತ್ರ ಇನ್ನೂ ಟ್ಯಾಕ್ಸಿ. ಅಂಥದ್ದನ್ನು ಕೊಂಡರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಆರ್‌ಟಿಒದಲ್ಲಿ ಫಿಟ್‌ನೆಸ್ ಪಾಸಿಂಗ್, ಅಪಘಾತವಾದರೆ ಇನ್ಶೂರೆನ್ಸ್‌ನವರ ಜೊತೆ ಜಗಳ. ಬುಕ್ಕಿನಲ್ಲಿ ಮೋಟರ್ ಕ್ಯಾರವಾನ್ ಎಂದೇ ಇರಬೇಕು. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ, ಇಲ್ಲಿ ಕಟ್ಟಬೇಕಾದ ಟ್ಯಾಕ್ಸ್ ಎಷ್ಟೆಂದು ತಿಳಿದುಕೊಂಡೇ ಚೌಕಾಶಿಗೆ ಕೂಡಿ.

ಸಂಡಾಸ್ ಯಾಕೆ ಬೇಕು, ಕಿತ್ತು ಸಾಮಾನು ಇಡಲು ಮಾಡೋಣ ಎಂದಿದ್ದೆ. ಮನೆಯವಳು ಒಪ್ಪಲಿಲ್ಲ, ಅವಳದೇ ಸರಿ ಆಯಿತು. ಅವ್ವನಿಗೆ ಸಕ್ಕರೆ ಕಾಯಿಲೆ. ಮೊದಲೆಲ್ಲ ಪ್ರವಾಸ ಅಂದರೆ ದಾರಿಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಈಗ ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ಮುಗಿಸಿ, ಸಂಜೆ ಕೂಡಲಸಂಗಮದಲ್ಲಿ ಇನ್ನೊಂದು ಕಪ್ ಚಹಾ ಕೇಳುತ್ತಾಳೆ. ಸಂಡಾಸಿನ ಕೆಳಗಿನ ಡಬ್ಬಿ 20 ಲೀಟರಿನದು, ಐವರೂ ಬಳಸಿದರೆ ಎರಡು ದಿನ ಬಾರದು. ಅದಕ್ಕೇ ಹಗಲು ಅವ್ವನಿಗೆ, ರಾತ್ರಿ ಎಲ್ಲರಿಗೂ ಎಂದು ನಿಯಮ. ಲಾಡ್ಜಿನವರನ್ನು ಕೇಳಿ ಅವರ ಸಂಡಾಸಿನಲ್ಲೋ ಮನೆಗೆ ಬಂದೋ ಖಾಲಿ ಮಾಡುತ್ತೇವೆ, ಯಾರ ಹೊಲಕ್ಕೂ ಸುರಿದಿಲ್ಲ. ಹೊರುವವನು ಯಾರೆಂದು ಬೇರೆ ಹೇಳಬೇಕಿಲ್ಲ.

ಎಸಿ ತೆಗೆಸಿಬಿಟ್ಟೆ. 12 ವೋಲ್ಟಿನ 150 ಎಎಚ್ ಬ್ಯಾಟರಿ ಎಂದರೆ ಲೆಕ್ಕಕ್ಕೆ 1800 ವ್ಯಾಟ್-ಅವರ್. ಸೀಸದ ಬ್ಯಾಟರಿಯಾದ್ದರಿಂದ ಅರ್ಧದ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಬಳಸಬಹುದಾದ ಅರ್ಧದಲ್ಲಿ ಎಸಿ ಒಂದು ತಾಸೂ ನಡೆಯುವುದಿಲ್ಲ. ಫ್ಯಾನು, ದೀಪ, ಮೊಬೈಲಿಗೆ ಧಾರಾಳ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಪತ್ರಾದ (ತಗಡಿನ) ಗಾಡಿ ರೊಟ್ಟಿ ಹಂಚು. ನಮ್ಮ ತಿರುಗಾಟವೆಲ್ಲ ದಸರಾದಿಂದ ಶಿವರಾತ್ರಿ ಒಳಗೆ.

ಇನ್ನೊಂದು, ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಅಕ್ಟೋಬರಿನಲ್ಲೊಮ್ಮೆ ಆಲಮಟ್ಟಿ ಹಿನ್ನೀರಿನ ಹತ್ತಿರ ಒಣಗಿ ಕಲ್ಲಿನಂತಿದ್ದ ನೆಲ ನೋಡಿ ನಿಲ್ಲಿಸಿದೆ. ರಾತ್ರಿ ಒಂದು ತಾಸು ಮಳೆ. ಬೆಳಿಗ್ಗೆ ಹಿಂದಿನ ಗಾಲಿಗಳು ಅರ್ಧ ಹೂತಿದ್ದವು, ಎಕ್ಸಲೇಟರ್ ಒತ್ತಿದಷ್ಟೂ ಇನ್ನಷ್ಟು ಇಳಿದವು. ಟ್ರ್ಯಾಕ್ಟರ್ ತಂದ ಹೊಲದ ಕಾಕಾ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ತಮ್ಮಾ, ಇಷ್ಟ ದೊಡ್ಡ ಮನಿ ಕಟ್ಟೀದಿ, ಪಾಯಾ ನೋಡ್ಲಿಲ್ಲೇನು?" ಎಂದರು. ರೊಕ್ಕ ಕೊಡಹೋದರೆ ಬೇಡವೆಂದು, ಅವ್ವ ಮಾಡಿದ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋದರು. ಅಂದಿನಿಂದ ಮುರುಮು (ಗರಸು ಮಣ್ಣು) ಹಾಕಿದ ನೆಲ ಬಿಟ್ಟು ಬೇರೆಲ್ಲೂ ನಿಲ್ಲಿಸುವುದಿಲ್ಲ. ನೀರಿನ ಟಾಕಿಯನ್ನೂ ಅರ್ಧವೇ ತುಂಬುತ್ತೇನೆ, 120 ಲೀಟರ್ ಎಂದರೆ 120 ಕಿಲೋ ಭಾರ ತಾನೆ.

ದುಡ್ಡಿನ ಲೆಕ್ಕ. ಈಗ ಮಾರಿದರೆ ಆರು ಲಕ್ಷ ಬಂದೀತು, ಅಂದರೆ ಎರಡೂವರೆ ಲಕ್ಷ ಕರಗಿತು. ರಿಪೇರಿ, ಟಯರ್ ಸೇರಿ 1,60,000. ಇನ್ಶೂರೆನ್ಸ್, ಟ್ಯಾಕ್ಸ್ ಒಂದು ಲಕ್ಷ. ನಾಲ್ಕು ವರ್ಷದಲ್ಲಿ ಅದರಲ್ಲಿ ಮಲಗಿದ್ದು ಸುಮಾರು ನೂರು ರಾತ್ರಿ. ಡೀಸೆಲ್ ಬಿಟ್ಟು ರಾತ್ರಿಗೆ ಐದು ಸಾವಿರದ ಮೇಲೆ ಬಿತ್ತು! ವರ್ಷಕ್ಕೆ ಎರಡು ಸಲ ಹೋಗುವವರಿಗೆ ಲಾಡ್ಜೇ ಅಗ್ಗ, ಅವರು ಇದರ ಗೊಡವೆಗೆ ಹೋಗಬಾರದು.

ಈ ಲೆಕ್ಕವನ್ನು ಮನೆಯವಳ ಮುಂದೆ ಇಟ್ಟೆ. ಚೀಟಿ ಓದಿ ಮಡಚಿ ನನ್ನ ಕೈಗೇ ಕೊಟ್ಟು, "ಮಾರೂದಿದ್ರ ಮಾರ್ರಿ. ಎಳ್ಳ ಅಮಾಸಿ ಒಂದು ಮುಗೀಲಿ" ಎಂದಳು. ಹೋದ ವರ್ಷವೂ ಇದನ್ನೇ ಹೇಳಿದ್ದಳು.