ಎಂಡಿ ಡಾಕ್ಟರಾ, ಡಿಒ ಡಾಕ್ಟರಾ? ಅಮೆರಿಕದಲ್ಲಿ ಇಬ್ಬರ ಹತ್ತಿರವೂ ತೋರಿಸಿಕೊಂಡ ಮೇಲೆ

ಅಮೆರಿಕಕ್ಕೆ ಬಂದು ಇನ್ಶೂರೆನ್ಸ್ ಕಾರ್ಡ್ ಕೈಗೆ ಸಿಕ್ಕಿದ ಮೇಲೆ ಫ್ಯಾಮಿಲಿ ಡಾಕ್ಟರನ್ನು ಆರಿಸಿಕೊಳ್ಳಬೇಕು. ಇನ್ಶೂರೆನ್ಸ್ ಕಂಪನಿಯ ಪಟ್ಟಿ ತೆಗೆದರೆ ಕೆಲವರ ಹೆಸರಿನ ಜೊತೆ ಎಂಡಿ ಎಂದಿರುತ್ತದೆ, ಕೆಲವರದರ ಜೊತೆ ಡಿಒ, ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ನಮ್ಮವರಲ್ಲಿ ಬಹಳ ಮಂದಿ ಡಿಒ ಎಂದು ಕಂಡ ಕೂಡಲೇ ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಇದರಿಂದ ಒಳ್ಳೆಯ ಡಾಕ್ಟರುಗಳು ಕೈತಪ್ಪಿ ಹೋಗುತ್ತಿದ್ದಾರೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಡಿಒ ಎಂದರೆ ಮಾತ್ರೆಯಿಲ್ಲದೆ ಎಲ್ಲ ಕಾಯಿಲೆಯನ್ನೂ ಕೈಯಲ್ಲೇ ವಾಸಿಮಾಡುವವರು ಎಂದು ಹೇಳಿಕೊಂಡು ಓಡಾಡುವವರೂ ಇದ್ದಾರೆ. ಅದೂ ಸರಿಯಲ್ಲ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿ. ಈ ರಾಜ್ಯದಲ್ಲಿ ಡಿಒಗಳು ಹೇರಳ. ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಂತೂ ಎಂಡಿ ಕಾಲೇಜು, ಡಿಒ ಕಾಲೇಜು ಎರಡೂ ಇವೆ. ನಾನು ಮೊದಲು ಹಲವು ವರ್ಷ ತೋರಿಸಿಕೊಂಡದ್ದು ಒಬ್ಬ ಎಂಡಿ ಇಂಟರ್ನಿಸ್ಟ್ (ದೊಡ್ಡವರ ಕಾಯಿಲೆಗಳನ್ನು ನೋಡುವ ವೈದ್ಯರು) ಹತ್ತಿರ. ಕೆಲಸ ಬದಲಾಗಿ ಇನ್ಶೂರೆನ್ಸ್ ಬದಲಾದಾಗ ಅವರು ಹೊಸ ಇನ್ಶೂರೆನ್ಸ್‌ನ ನೆಟ್‌ವರ್ಕಿನಿಂದ, ಅಂದರೆ ಅದರ ಡಾಕ್ಟರುಗಳ ಪಟ್ಟಿಯಿಂದ, ಹೊರಗಾದರು. ಆಗ ಮನೆಗೆ ಹತ್ತಿರ ಇದ್ದ ಒಬ್ಬ ಡಿಒ ಫ್ಯಾಮಿಲಿ ಡಾಕ್ಟರ್‌ಗೆ ಹೋದೆ. ದೇಹ ಅದೇ, ದೂರುಗಳೂ ಅವೇ: ಗಡಿಯಲ್ಲಿ ನಿಂತಿದ್ದ ಸಕ್ಕರೆ, ಸ್ವಲ್ಪ ಮೇಲೇರಿದ್ದ ಕೊಲೆಸ್ಟರಾಲ್, ಮತ್ತು ಬಿಟ್ಟೂ ಬಿಡದ ಸೊಂಟನೋವು. ಹಾಗಾಗಿ ಹೋಲಿಸುವುದು ಸುಲಭವಾಯಿತು.

ಮೊದಲು ಪದವಿಯ ವಿಚಾರ. ಊರಿನಲ್ಲಿ ಎಂಡಿ ಎಂದರೆ ಎಂಬಿಬಿಎಸ್ ಮುಗಿಸಿದವರು ಮಾಡುವ ಮೇಲಿನ ಓದು. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ 4 ವರ್ಷ ಕಾಲೇಜು ಮುಗಿಸಿ ಮತ್ತೆ 4 ವರ್ಷ ಮೆಡಿಕಲ್ ಸ್ಕೂಲ್ ಓದಿದವರಿಗೆ ಸಿಗುವ ಮೊದಲ ವೈದ್ಯಕೀಯ ಪದವಿಯೇ ಎಂಡಿ. ಡಿಒ ಪದವಿಯೂ ಅದೇ ಮಟ್ಟದ್ದು. ಎರಡರಲ್ಲಿ ಯಾವುದಾದರೂ ಆಮೇಲೆ ಕನಿಷ್ಠ 3 ವರ್ಷದ ರೆಸಿಡೆನ್ಸಿ ಎಂಬ ಆಸ್ಪತ್ರೆಯ ತರಬೇತಿ ಮುಗಿಸಿದರೇ ಫ್ಯಾಮಿಲಿ ಡಾಕ್ಟರ್. ಡಿಒಗಳು ಔಷಧಿ ಬರೆಯುತ್ತಾರೆ, ಹೆರಿಗೆ ಮಾಡಿಸುತ್ತಾರೆ, ಹೃದಯದ ಆಪರೇಷನ್ನನ್ನೂ ಮಾಡುತ್ತಾರೆ. ಅಧ್ಯಕ್ಷ ಟ್ರಂಪ್ ಅವರಿಗೆ ಕೋವಿಡ್ ಬಂದಾಗ ಶ್ವೇತಭವನದ ವೈದ್ಯರಾಗಿದ್ದ ಶಾನ್ ಕಾನ್ಲಿ ಡಿಒ. ಬೈಡನ್ ಅಧ್ಯಕ್ಷರಾಗಿದ್ದಾಗ ಅವರ ವೈದ್ಯರಾಗಿದ್ದ ಕೆವಿನ್ ಓಕಾನರ್ ಕೂಡ ಡಿಒ.

ಇದನ್ನು ಬ್ರಿಟನ್ನಿನ, ಫ್ರಾನ್ಸಿನ ಆಸ್ಟಿಯೋಪತ್‌ಗಳ ಜೊತೆ ಬೆರೆಸಬಾರದು. ಅಲ್ಲಿ ಅವರು ಕೀಲು, ಸ್ನಾಯುಗಳಿಗೆ ಕೈಚಿಕಿತ್ಸೆ ಕೊಡುವವರು, ಅಲ್ಲಿನ ವ್ಯವಸ್ಥೆಯಲ್ಲಿ ಡಾಕ್ಟರುಗಳಲ್ಲ. ಬೆನ್ನುಮೂಳೆಗೆ ಕೈಚಿಕಿತ್ಸೆ ಕೊಡುವ ಅಮೆರಿಕದ ಕೈರೋಪ್ರ್ಯಾಕ್ಟರುಗಳೂ ಬೇರೆಯೇ. ಅವರು ಆಪರೇಷನ್ ಮಾಡುವಂತಿಲ್ಲ.

ಇಬ್ಬರೂ ಒಂದೇ ಆದರೆ ಎರಡು ಪದವಿ ಏಕೆ? ಇದರ ಹಿಂದೆ ದೊಡ್ಡ ಕಥೆಯೇ ಇದೆ. 1828ರಲ್ಲಿ ಹುಟ್ಟಿದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1864ರಲ್ಲಿ ಮೂವರು ಮಕ್ಕಳನ್ನು ಮೆದುಳು ಜ್ವರಕ್ಕೆ ಕಳೆದುಕೊಂಡರು. ಆ ಕಾಲದ ಡಾಕ್ಟರುಗಳು ಕೊಡುತ್ತಿದ್ದದ್ದು ಪಾದರಸದ ಮದ್ದು, ಅಫೀಮು, ವಿಸ್ಕಿ. ಅವು ಯಾವುದೂ ಮಕ್ಕಳನ್ನು ಉಳಿಸಲಿಲ್ಲ. ಆ ಔಷಧಿಗಳ ಮೇಲೆಯೇ ಅವರಿಗೆ ನಂಬಿಕೆ ಹೋಯಿತು. ಮೂಳೆ, ಸ್ನಾಯು, ರಕ್ತದ ಹರಿವು ಸರಿಯಿದ್ದರೆ ದೇಹ ತಾನೇ ಗುಣವಾಗುತ್ತದೆ ಎಂಬ ವಿಚಾರವನ್ನು 1874ರಲ್ಲಿ ಮುಂದಿಟ್ಟರು. ಅದೇ ಆಸ್ಟಿಯೋಪತಿ. 1892ರಲ್ಲಿ ಮಿಸೂರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದರು. ಮೊದಲ ತಂಡದಲ್ಲೇ ಹೆಂಗಸರೂ ಓದಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅವರ ಸಿದ್ಧಾಂತದ ಬಹುಪಾಲು ಮುಂದೆ ನಿಲ್ಲಲಿಲ್ಲ. ರೋಗಾಣುಗಳಿಂದ ಬರುವ ಕಾಯಿಲೆ ಬೆನ್ನುಮೂಳೆ ಸರಿಪಡಿಸಿದರೆ ಹೋಗುವುದಿಲ್ಲ. ಆದರೆ ಅವರ ಶಿಷ್ಯರು ಹಠ ಹಿಡಿದು ಕೂರಲಿಲ್ಲ. ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಪಠ್ಯಕ್ಕೆ ಸೇರಿಸಿಕೊಂಡು ಬೆಳೆದರು.

ಎಂಡಿಗಳ ಸಂಘ ಇವರನ್ನು ಬಹಳ ಕಾಲ ಹತ್ತಿರ ಸೇರಿಸಲಿಲ್ಲ. 1960ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಒಗಳು 65 ಡಾಲರ್ ಶುಲ್ಕ ಕಟ್ಟಿದರೆ ಎಂಡಿ ಎಂದು ಹಾಕಿಕೊಳ್ಳಬಹುದು ಎಂಬ ಏರ್ಪಾಡಾಗಿ, ಸುಮಾರು 2,000 ಮಂದಿ ಹಾಗೆ ಬದಲಾಯಿಸಿಕೊಂಡರು. ನಿನ್ನೆಯವರೆಗೆ ಅನರ್ಹರೆನಿಸಿಕೊಂಡಿದ್ದವರು ಹಣ ಕಟ್ಟಿದ ಮಾರನೆಯ ದಿನ ಅರ್ಹರಾದರು! ಜಗಳ ವಿದ್ಯೆಯದಾಗಿರಲಿಲ್ಲ ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1966ರಲ್ಲಿ ಸೇನೆ ಡಿಒಗಳನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳಲು ಒಪ್ಪಿತು. 1973ರಲ್ಲಿ ಕೊನೆಯದಾಗಿ ಮಿಸಿಸಿಪಿ ರಾಜ್ಯವೂ ಪೂರ್ಣ ಹಕ್ಕು ಕೊಟ್ಟಿತು. 2020ರ ಹೊತ್ತಿಗೆ ಎರಡೂ ಕಡೆಯವರ ರೆಸಿಡೆನ್ಸಿ ಒಂದೇ ಮಾನ್ಯತೆಯ ಕೆಳಗೆ ಬಂತು. ಇಂದು ಎಂಡಿ, ಡಿಒ ಒಂದೇ ವಾರ್ಡಿನಲ್ಲಿ ಒಟ್ಟಿಗೆ ತರಬೇತಿ ಪಡೆಯುತ್ತಾರೆ.

ಉಳಿದಿರುವ ನಿಜವಾದ ವ್ಯತ್ಯಾಸ ಒಂದೇ. ಡಿಒ ವಿದ್ಯಾರ್ಥಿಗಳು ಉಳಿದೆಲ್ಲದರ ಜೊತೆಗೆ ಸುಮಾರು 200 ಗಂಟೆ ಕೈಚಿಕಿತ್ಸೆ ಕಲಿಯುತ್ತಾರೆ. ಅದಕ್ಕೆ ಓಎಂಟಿ (ಆಸ್ಟಿಯೋಪತಿಕ್ ಮ್ಯಾನಿಪ್ಯುಲೇಟಿವ್ ಟ್ರೀಟ್‌ಮೆಂಟ್) ಎನ್ನುತ್ತಾರೆ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ಸಕ್ಕರೆ, ಕೊಲೆಸ್ಟರಾಲ್ ವಿಷಯದಲ್ಲಿ ಇಬ್ಬರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆಗೆ ಅದೇ ಎ1ಸಿ ಪರೀಕ್ಷೆ, ಕೊಲೆಸ್ಟರಾಲ್‌ಗೆ ಅದೇ ಲಿಪಿಡ್ ಪರೀಕ್ಷೆ, ಅದೇ ಮಾತ್ರೆಗಳ ಮಾತು, ಅನ್ನ ಕಡಿಮೆ ಮಾಡಿ ನಡೆಯಿರಿ ಎಂಬ ಅದೇ ಬುದ್ಧಿವಾದ. ಒಂದು ಅಂಶದಲ್ಲಿ ಎಂಡಿಯವರೇ ಮುಂದಿದ್ದರು. ನಮ್ಮಂಥ ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಅಲ್ಲ, 23 ದಾಟಿದರೇ ಸಕ್ಕರೆ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುತ್ತದೆ. ಅದನ್ನು ತಾವಾಗಿಯೇ ನೆನಪಿಟ್ಟು ಪರೀಕ್ಷೆ ಬರೆದುಕೊಟ್ಟವರು ಅವರು. ಸಸ್ಯಾಹಾರಿ ಎಂದು ತಿಳಿದು ಬಿ12 ನೋಡಿಸಿದ್ದೂ ಅವರೇ. ಇಡೀ ಮನುಷ್ಯನನ್ನು ನೋಡುವವರು ಡಿಒಗಳು, ಎಂಡಿಗಳು ಬರೀ ಕಾಯಿಲೆ ನೋಡುತ್ತಾರೆ ಎಂಬ ಪ್ರಚಾರವನ್ನು ಕೇಳಿದಾಗೆಲ್ಲ ನನಗೆ ಆ ಎಂಡಿಯವರು ನೆನಪಾಗುತ್ತಾರೆ. ನನ್ನ ನಿದ್ದೆ, ಊಟ, ಕೆಲಸದ ಒತ್ತಡ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಅದು ಆ ವ್ಯಕ್ತಿಯ ಗುಣ. ಪದವಿಯಿಂದ ಬಂದದ್ದಲ್ಲ.

ಸೊಂಟನೋವಿನಲ್ಲಿ ಮಾತ್ರ ದಾರಿ ಬೇರೆಯಾಯಿತು. ಎಂಡಿಯವರು ಮೊದಲು ಅಪಾಯದ ಲಕ್ಷಣಗಳನ್ನು ಕೇಳಿದರು: ಕಾಲಲ್ಲಿ ಶಕ್ತಿ ಕುಂದಿದೆಯೇ, ಮೂತ್ರ ಹಿಡಿತ ತಪ್ಪಿದೆಯೇ, ತೊಡೆಸಂದಿನಲ್ಲಿ ಜೋಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರು. ಎಂಆರ್‌ಐ ಈಗಲೇ ಬೇಡ ಎಂದರು. ಕೆಲವು ದಿನಕ್ಕೆ ಐಬುಪ್ರೊಫೆನ್, ರಾತ್ರಿಗೆ ಸ್ನಾಯು ಸಡಿಲಿಸುವ ಮಾತ್ರೆ, ಜೊತೆಗೆ ಫಿಸಿಯೋಥೆರಪಿಗೆ ಚೀಟಿ. ಮಾತ್ರೆ ತೆಗೆದುಕೊಂಡರೆ ಬೆಳಿಗ್ಗೆಯೂ ಮಂಕು. ಫಿಸಿಯೋಥೆರಪಿ ನಿಧಾನವಾಗಿ ಕೆಲಸ ಮಾಡಿತು, ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ನೋವು ಇರುವುದು ಇವತ್ತು, ಅವರು ದಿನ ಕೊಡುವುದು ಮುಂದೆಂದಿಗೋ.

ಡಿಒ ಡಾಕ್ಟರು ಕೇಳಿದ ಪ್ರಶ್ನೆಗಳೂ ಅವೇ. ಎಂಆರ್‌ಐ ಬೇಡ ಎಂದದ್ದೂ ಅದೇ. ಆಮೇಲೆ ಕಂಪ್ಯೂಟರಿನ ಮುಂದಿನಿಂದ ಎದ್ದರು. ನನ್ನನ್ನು ನಿಲ್ಲಿಸಿ ಹಿಂದಿನಿಂದ ಸೊಂಟದ ಎರಡು ಮೂಳೆ ಸಮನಾಗಿವೆಯೇ ಎಂದು ಬೆರಳಿಟ್ಟು ನೋಡಿದರು. ಮುಂದಕ್ಕೆ ಬಗ್ಗಿಸಿದರು, ಪಕ್ಕಕ್ಕೆ ವಾಲಿಸಿದರು, ಮಲಗಿಸಿ ಎರಡು ಕಾಲಿನ ಉದ್ದ ಅಳೆದರು. ಬೆನ್ನಿನ ಇಕ್ಕೆಲದ ಸ್ನಾಯುಗಳನ್ನು ಒಂದೊಂದೇ ಇಂಚು ಮುಟ್ಟಿ ಎಲ್ಲಿ ಗಂಟಾಗಿದೆ, ಎಲ್ಲಿ ಬಿಗಿದಿದೆ ಎಂದು ಹುಡುಕಿದರು. ನಾನು ಹೇಳುವ ಮೊದಲೇ ನೋವಿನ ಜಾಗ ಅವರ ಬೆರಳಿಗೆ ಸಿಕ್ಕಿತ್ತು. ನನ್ನ ಕಾಲನ್ನು ಮಡಿಸಿ ಹಿಡಿದು, "ನನ್ನ ಕೈಯನ್ನು ಮೆಲ್ಲಗೆ ತಳ್ಳಿ" ಎಂದರು. ಕೆಲವು ಸೆಕೆಂಡು ತಳ್ಳುವುದು, ಬಿಡುವುದು, ಸಡಿಲವಾದಷ್ಟು ಅವರು ಇನ್ನೊಂದಿಷ್ಟು ಚಾಚಿಸುವುದು. ಮತ್ತೆ ಅದೇ. ಇದಕ್ಕೆ ಮಸಲ್ ಎನರ್ಜಿ ಎಂದು ಹೆಸರು. ಸ್ನಾಯುವಿನ ಮೇಲಿನ ಪೊರೆಯನ್ನು ಒತ್ತಿ ಹಿಡಿದು ಸಡಿಲಿಸುವ ವಿಧಾನ ಇನ್ನೊಂದು. ಕೊನೆಯಲ್ಲಿ ಪಕ್ಕಕ್ಕೆ ಮಲಗಿಸಿ, ಒಪ್ಪಿಗೆ ಕೇಳಿ, ಒಂದು ಚುರುಕಾದ ತಿರುವು ಕೊಟ್ಟರು. ಲಟಕ್ ಎಂದಿತು. ನೆಲಕ್ಕೆ ಇಳಿದಾಗ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಯಿತು. ಬಂದಾಗ ಆಗುತ್ತಿರಲಿಲ್ಲ.

ಮಾರನೆಯ ದಿನ ಮೈಯೆಲ್ಲ ನುಜ್ಜುಗುಜ್ಜಾದಂತಿತ್ತು. ಹಾಗಾಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಅದಾದ ಮೇಲೆ ಕೆಲವು ದಿನ ಹಾಯಾಗಿತ್ತು. ಆಮೇಲೆ ನೋವು ಮೆಲ್ಲಗೆ ವಾಪಸು ಬಂತು. ಹಲವು ಸಲ ಹೋಗಿಬಂದ ಮೇಲೆ ನನಗೆ ತೋರಿದ್ದು ಇಷ್ಟು: ಕೈಚಿಕಿತ್ಸೆ ಬೇಗ ಆರಾಮ ಕೊಡುತ್ತದೆ, ಆದರೆ ಅದು ಬಹಳ ದಿನ ನಿಲ್ಲುವುದಿಲ್ಲ. ನಿಲ್ಲುವುದು ವ್ಯಾಯಾಮದಿಂದ. ನೋವು ಇಳಿದ ಆ ಕೆಲವು ದಿನಗಳಲ್ಲಿ ವ್ಯಾಯಾಮ ಶುರುಮಾಡಲು ಆಗುತ್ತದಲ್ಲ, ಅದೇ ಓಎಂಟಿಯ ದೊಡ್ಡ ಉಪಕಾರ. ಡಿಒ ಡಾಕ್ಟರು ಹೇಳಿಕೊಟ್ಟ ವ್ಯಾಯಾಮಗಳು ಫಿಸಿಯೋಥೆರಪಿಯವರು ಹೇಳಿಕೊಟ್ಟವೇ.

ಸಂಶೋಧನೆಗಳೂ ಇದಕ್ಕೆ ದೂರವಿಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ 12 ವಾರಗಳ ನಂತರ ಓಎಂಟಿ ಪಡೆದವರಿಗೂ ಸಾಮಾನ್ಯ ಚಿಕಿತ್ಸೆ ಪಡೆದವರಿಗೂ ಬೆನ್ನುನೋವು ಒಂದೇ ಮಟ್ಟಿಗೆ ಇಳಿದಿತ್ತು. ಆದರೆ ಓಎಂಟಿಯವರಿಗೆ ಮಾತ್ರೆ ಕಡಿಮೆ ಸಾಕಾಗಿತ್ತು. ಮಾತ್ರೆಯಿಂದ ಮಂಕಾಗುವ ನನ್ನಂಥವರಿಗೆ ಇದು ಸಣ್ಣ ಲಾಭವಲ್ಲ. 2021ರಲ್ಲಿ ಫ್ರಾನ್ಸಿನ ಅಧ್ಯಯನವೊಂದರಲ್ಲಿ ನಿಜವಾದ ಕೈಚಿಕಿತ್ಸೆಯನ್ನೂ ಬರೀ ಮೇಲೆಮೇಲೆ ಮುಟ್ಟುವ ತೋರಿಕೆಯ ಚಿಕಿತ್ಸೆಯನ್ನೂ ಹೋಲಿಸಿದಾಗ ವ್ಯತ್ಯಾಸ ಸಿಕ್ಕಿತು, ಆದರೆ ತೀರಾ ಸಣ್ಣದು. ಹಾಗಾಗಿ ಓಎಂಟಿಯನ್ನು ಪವಾಡ ಎಂದು ಕರೆಯಲಾರೆ. ತಲೆಬುರುಡೆಯನ್ನು ಮೃದುವಾಗಿ ಹಿಡಿದು ಒಳಗಿನ ಲಯ ಸರಿಪಡಿಸುತ್ತೇವೆ ಎನ್ನುವ ಕ್ರೇನಿಯಲ್ ವಿಧಾನಕ್ಕಂತೂ ಗಟ್ಟಿ ಆಧಾರವಿಲ್ಲ. ಅದಕ್ಕೆ ನನ್ನ ದುಡ್ಡು ಹೋಗುವುದಿಲ್ಲ.

ಆಸ್ಪತ್ರೆಯ ಮಟ್ಟದಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ 2023ರಲ್ಲಿ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿ ಉತ್ತರ ಬಂತು. ಆಸ್ಪತ್ರೆ ಸೇರಿದ, ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ವಯಸ್ಸಾದ ರೋಗಿಗಳನ್ನು ನೋಡಿದಾಗ 30 ದಿನಗಳೊಳಗಿನ ಸಾವು ಎಂಡಿ ನೋಡಿದವರಲ್ಲಿ ಶೇ 9.4, ಡಿಒ ನೋಡಿದವರಲ್ಲಿ ಶೇ 9.5. ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ, ಖರ್ಚು ಕೂಡ ಹೆಚ್ಚುಕಡಿಮೆ ಒಂದೇ. ಡಿಒ ಎಂದು ಹೆದರುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ತುಮಕೂರಿನಿಂದ ಅತ್ತೆ ಬಂದಿದ್ದಾಗ ಕುತ್ತಿಗೆ ಹಿಡಿದುಕೊಂಡಿತು. ಅದೇ ಡಿಒ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. "ಅಲ್ಲಮ್ಮ, ಇವರು ಎಂಡಿ ಅಲ್ವಂತಲ್ಲ? ಉಳುಕು ತೆಗೆಯೋರ ಥರ ಕುತ್ತಿಗೆ ತಿರುಚಿಬಿಟ್ರೆ?" ಎಂದರು. "ಇಲ್ಲ ಅತ್ತೆ, ಇವರೂ ಡಾಕ್ಟರೇ. ನೀವು ಬೇಡ ಅಂದ್ರೆ ಮುಟ್ಟೋದೂ ಇಲ್ಲ" ಎಂದೆ. ಅತ್ತೆಯ ಭಯದಲ್ಲಿ ಅರ್ಥವಿತ್ತು. ಡಾಕ್ಟರು ಔಷಧಿಗಳ ಪಟ್ಟಿ ಓದಿ, ಮೂಳೆ ಸವೆತವಿದೆ ಎಂದು ತಿಳಿದು, ತಿರುವುವ ವಿಧಾನವನ್ನು ಮುಟ್ಟಲೇ ಇಲ್ಲ. ಮೂಳೆ ಟೊಳ್ಳಾದವರಿಗೆ ಅದು ಅಪಾಯ, ಕುತ್ತಿಗೆಯಲ್ಲಿ ರಕ್ತನಾಳಕ್ಕೆ ಪೆಟ್ಟಾಗುವ ಅಪರೂಪದ ಸಂಭವವೂ ಉಂಟು. ಬರೀ ಮೃದುವಾಗಿ ಸ್ನಾಯು ಸಡಿಲಿಸಿ, ಮೂಳೆಗೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ ಕಳಿಸಿದರು. ಕೈಚಿಕಿತ್ಸೆ ಕಲಿತವರು ಪೂರ್ಣ ವೈದ್ಯರೂ ಆಗಿದ್ದರೆ ಆಗುವ ಪ್ರಯೋಜನ ನನಗೆ ಸ್ಪಷ್ಟವಾಗಿ ಕಂಡದ್ದು ಅಲ್ಲಿ. ಅತ್ತೆ ಹೊರಗೆ ಬಂದು "ಕೈಗುಣ ಒಳ್ಳೇದಿದೆ" ಎಂದರು.

ಖರ್ಚಿನ ವಿಷಯದಲ್ಲಿ ಎಚ್ಚರ ಬೇಕು. ಓಎಂಟಿಗೆ ಡಾಕ್ಟರ ಭೇಟಿಯ ಜೊತೆಗೆ ಬೇರೆಯೇ ಬಿಲ್ ಬರುತ್ತದೆ. ದೇಹದ ಎಷ್ಟು ಭಾಗಕ್ಕೆ ಚಿಕಿತ್ಸೆ ಆಯಿತೋ ಅದರ ಲೆಕ್ಕದಲ್ಲಿ 98925ರಿಂದ 98929ರವರೆಗಿನ ಕೋಡ್ ಹಾಕುತ್ತಾರೆ. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ) ದೊಡ್ಡದಿರುವ ಪ್ಲಾನ್ ಇದ್ದರೆ ಅದು ನಿಮ್ಮ ಕಿಸೆಯಿಂದಲೇ ಹೋಗುತ್ತದೆ. ಊರಿಂದ ಬಂದ ಹಿರಿಯರ ವಿಸಿಟರ್ ಇನ್ಶೂರೆನ್ಸ್‌ನಲ್ಲಂತೂ ಹಳೆಯ ನೋವು ಎಂದು ತಳ್ಳಿಹಾಕುವ ಸಂಭವವೇ ಹೆಚ್ಚು.

ಇನ್ನೊಂದು ಮಾತು ನಮ್ಮ ಮನೆಗಳ ಮಕ್ಕಳ ಬಗ್ಗೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಮಗಳಿಗೆ ಎಂಡಿ ಸೀಟು ಸಿಕ್ಕಿತೆಂದು ಹೇಳುವವರ ದನಿ ಒಂದು ಥರ, ಡಿಒ ಸೀಟು ಸಿಕ್ಕಿತೆನ್ನುವವರ ದನಿ ಇನ್ನೊಂದು ಥರ. ಆ ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ಪ್ರವೇಶ ಪರೀಕ್ಷೆಯ ಸರಾಸರಿ ಅಂಕ ಡಿಒ ಕಾಲೇಜುಗಳಲ್ಲಿ ಕಡಿಮೆ ಎಂಬುದು ನಿಜ. ಚರ್ಮರೋಗ, ನರಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ರೆಸಿಡೆನ್ಸಿ ಡಿಒಗಳಿಗೆ ಕಷ್ಟ ಎಂಬುದೂ ನಿಜ. ಹಲವರು ಡಿಒಗಳ ಲೈಸೆನ್ಸ್ ಪರೀಕ್ಷೆಯಾದ ಕಾಮ್‌ಲೆಕ್ಸ್ ಜೊತೆಗೆ ಎಂಡಿಗಳ ಯುಎಸ್‌ಎಂಎಲ್‌ಇಯನ್ನೂ ಬರೆದು ಎರಡು ಪಟ್ಟು ದುಡಿಯುತ್ತಾರೆ. ಅಷ್ಟು ದುಡಿದ ಮಗುವಿನ ಮುಂದೆ ದನಿ ತಗ್ಗಿಸಬೇಡಿ. ಡಿಒಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಮಕ್ಕಳ ವೈದ್ಯಕೀಯಕ್ಕೆ ಹೋಗುತ್ತಾರೆ. ಹಳ್ಳಿಗಾಡಿನ ಅಮೆರಿಕದಲ್ಲಿ ಎಷ್ಟೋ ಕಡೆ ಜ್ವರಕ್ಕೆ ನೋಡುವವರು ಅವರೇ.

ನಾನು ಈಗ ಡಿಒ ಡಾಕ್ಟರನ್ನೇ ಉಳಿಸಿಕೊಂಡಿದ್ದೇನೆ, ಕಾರಣ ಸೊಂಟ. ನನಗೆ ಬೆನ್ನಿನ ತೊಂದರೆ ಇಲ್ಲದಿದ್ದರೆ ಆ ಹಳೆಯ ಎಂಡಿಯವರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಹೊಸದಾಗಿ ಆರಿಸುವವರು ರೆಸಿಡೆನ್ಸಿ ಎಲ್ಲಿ ಮುಗಿಸಿದರು, ಬೋರ್ಡ್ ಸರ್ಟಿಫಿಕೇಟ್ ಇದೆಯೇ, ನೆಟ್‌ವರ್ಕಿನಲ್ಲಿದ್ದಾರೆಯೇ, ಮೊದಲ ಭೇಟಿಯಲ್ಲಿ ನಿಮ್ಮ ಮಾತನ್ನು ಪೂರ್ತಿ ಕೇಳಿದರೇ ಎಂಬುದನ್ನು ನೋಡಿ. ಕೈಚಿಕಿತ್ಸೆಯ ಆಸೆಯಿಂದ ಡಿಒ ಹುಡುಕುತ್ತಿದ್ದರೆ ಇದೂ ಗೊತ್ತಿರಲಿ: ಓದುವಾಗ ಕಲಿತಿದ್ದರೂ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಮಾಡದ ಡಿಒಗಳು ಬಹಳ. ಅದನ್ನು ಕಲಿತ ಎಂಡಿಗಳೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಾಗಲೇ ಡಾಕ್ಟರು ಓಎಂಟಿ ಮಾಡುತ್ತಾರೆಯೇ, ವಾರದ ಯಾವ ದಿನ ಮಾಡುತ್ತಾರೆ, ಅದಕ್ಕೆ ಬೇರೆ ಬಿಲ್ ಎಷ್ಟು ಬರುತ್ತದೆ ಎಂದು ಕೇಳಿಬಿಡಿ.