ಟ್ರೈಫೀಲ್ಡ್ ಟಿಎಫ್2 ಮೀಟರ್: ವೈರಿಂಗ್ ಹುಡುಕಲು ಚೆನ್ನ, ಟವರ್ ಅಳೆಯಲು ಸಾಲದು

ಎದುರು ಮನೆಯ ತಾರಸಿಯ ಮೇಲೆ ಟವರ್ ಎದ್ದಾಗ, ದಿಂಬಿನ ಹಿಂದಿನ ಗೋಡೆಯಾಚೆ ಕರೆಂಟ್ ಬೋರ್ಡ್ ಇದೆಯೆಂದು ಗೊತ್ತಾದಾಗ, ಮೈಗೆ ಏನಾದರೂ ಆದೀತೇ ಎಂಬ ಪ್ರಶ್ನೆ ಏಳುತ್ತದೆ. ಆಗ ಜನ ಹುಡುಕುವ ಉಪಕರಣಗಳಲ್ಲಿ ಅಮೆರಿಕದ ಆಲ್ಫಾಲ್ಯಾಬ್ ತಯಾರಿಸುವ ಟಿಎಫ್2 ಒಂದು. ಇದು ಅಳೆಯುವುದು ಮೂರನ್ನು: ಎಸಿ ಕಾಂತಕ್ಷೇತ್ರ 100 ಮಿಲಿಗಾಸ್‌ವರೆಗೆ, ಎಸಿ ವಿದ್ಯುತ್ ಕ್ಷೇತ್ರ ಮೀಟರಿಗೆ 1000 ವೋಲ್ಟ್‌ವರೆಗೆ, 20 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗಿನ ರೇಡಿಯೊ ಅಲೆ ಚದರ ಮೀಟರಿಗೆ ಸುಮಾರು 20 ಮಿಲಿವ್ಯಾಟ್‌ವರೆಗೆ. ನಡೆಯುವುದು 9 ವೋಲ್ಟ್ ಬ್ಯಾಟರಿಯಲ್ಲಿ.

ಇದರ ನಿಜವಾದ ಬಲ ಕಾಂತಕ್ಷೇತ್ರದ ಅಳತೆ. ಮೂರೂ ದಿಕ್ಕಿನ ಸೆನ್ಸರ್ ಇರುವುದರಿಂದ ಹೇಗೆ ಹಿಡಿದರೂ ಅಂಕಿ ಒಂದೇ. ಅಗ್ಗದ ಮೀಟರುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು. ಅವುಗಳಲ್ಲಿ ಉದ್ದ, ಅಡ್ಡ, ಲಂಬವಾಗಿ ಮೂರು ಸಲ ಅಳೆದು, ಮೂರರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಅದನ್ನು ಮಾಡದೆ ಕೊಟ್ಟ ಅಂಕಿ ನಂಬಬೇಡಿ.

ಅಳೆಯುವ ಕ್ರಮ ಹೀಗಿರಲಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬೇರೆ ಕೋಣೆಯಲ್ಲಿಡಿ. ಮಲಗುವ ಜಾಗದಲ್ಲಿ, ದಿಂಬಿನ ಎತ್ತರದಲ್ಲಿ ಮೀಟರನ್ನು ಅಲುಗಿಸದೆ ಹಿಡಿದು ಅಂಕಿ ಬರೆದುಕೊಳ್ಳಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಅಳೆಯಿರಿ. ಅಂಕಿ ಇಳಿಯದಿದ್ದರೆ ಮೂಲ ಮನೆಯ ಹೊರಗಿದೆ: ಬೀದಿಯ ಲೈನು, ಟ್ರಾನ್ಸ್‌ಫಾರ್ಮರ್, ಪಕ್ಕದ ಮನೆ. ಇಳಿದರೆ ಒಳಗೇ ಇದೆ; ಬ್ರೇಕರುಗಳನ್ನು ಒಂದೊಂದಾಗಿ ಹಾಕುತ್ತ ಹುಡುಕಿ. ಹತ್ತಿರ ಯಾವ ಯಂತ್ರವೂ ಇಲ್ಲದ ಕಡೆ ಅಂಕಿ ಏರಿದರೆ ನ್ಯೂಟ್ರಲ್ ವೈರುಗಳು ಅದಲುಬದಲಾಗಿರುವ ಸಾಧ್ಯತೆ ಇದೆ: ಫೇಸ್ ಒಂದು ದಾರಿಯಲ್ಲಿ ಹೋಗಿ ನ್ಯೂಟ್ರಲ್ ಇನ್ನೊಂದು ದಾರಿಯಲ್ಲಿ ಮರಳಿದರೆ ಎರಡರ ಕಾಂತಕ್ಷೇತ್ರ ಪರಸ್ಪರ ರದ್ದಾಗುವುದಿಲ್ಲ. ಇದು ಎಲೆಕ್ಟ್ರಿಷಿಯನ್ ಸರಿಪಡಿಸಬೇಕಾದ ದೋಷ.

ಇನ್ನು ಅಂಕಿಯ ಅರ್ಥ. 10 ಮಿಲಿಗಾಸ್ ಎಂದರೆ 1 ಮೈಕ್ರೋಟೆಸ್ಲಾ. 50 ಹರ್ಟ್ಸ್ ಕಾಂತಕ್ಷೇತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿವನ್ನು ಹುಟ್ಟಿಸುತ್ತದೆ. ತುಂಬಾ ಪ್ರಬಲವಾದರೆ ಮಾತ್ರ ಕಣ್ಣಿನ ರೆಟಿನಾ, ನರಗಳು ಕೆರಳುತ್ತವೆ. ಅದನ್ನು ತಡೆಯಲೆಂದು ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 2010ರಲ್ಲಿ ಸಾರ್ವಜನಿಕರಿಗೆ ಇಟ್ಟ ಮಿತಿ 200 ಮೈಕ್ರೋಟೆಸ್ಲಾ, ಅಂದರೆ 2000 ಮಿಲಿಗಾಸ್. ಈ ಮೀಟರ್ ಅದರ ಇಪ್ಪತ್ತನೇ ಒಂದು ಭಾಗಕ್ಕೇ ಕೊನೆಯಾಗುತ್ತದೆ. ಹೇರ್ ಡ್ರೈಯರಿಗೆ ತಾಗಿಸಿದಾಗ ಅಳತೆ ಮೀರಿದರೆ ಗಾಬರಿ ಬೇಡ. ಒಂದು ಮೀಟರ್ ದೂರ ಹೋದರೆ ಅದು ಬಹುತೇಕ ಇಲ್ಲವಾಗುತ್ತದೆ. ದೀರ್ಘಕಾಲದ ಸರಾಸರಿ 3ರಿಂದ 4 ಮಿಲಿಗಾಸ್ ಮೀರಿದ ಮನೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚೆಂದು ಕೆಲವು ಅಧ್ಯಯನಗಳಲ್ಲಿ ಕಂಡಿದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2002ರಲ್ಲಿ ಇಂಥ ಕಾಂತಕ್ಷೇತ್ರವನ್ನು 2ಬಿ, ಅಂದರೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಗುಂಪಿಗೆ ಸೇರಿಸಿತು. ಕಾರಣ–ಪರಿಣಾಮ ಸಾಬೀತಾಗಿಲ್ಲ. ಆದರೂ ಮಗುವಿನ ಮಂಚವನ್ನು ಬೋರ್ಡಿನಿಂದ ಒಂದು ಮೀಟರ್ ಸರಿಸಲು ಖರ್ಚೇನೂ ಇಲ್ಲ, ಸರಿಸಿಬಿಡಿ.

ಮೀಟರಿನ ಗುಂಡಿಯನ್ನು ‘ವೇಯ್ಟೆಡ್’ ಸ್ಥಾನಕ್ಕೆ ತಿರುಗಿಸಿದಾಗ ಎಚ್ಚರ ಬೇಕು. ಅಲ್ಲಿ ಆವರ್ತನ ಏರಿದಷ್ಟೂ ಅಂಕಿ ದೊಡ್ಡದಾಗುತ್ತದೆ. 20 ಕಿಲೋಹರ್ಟ್ಸ್ ಮೀರಿ ಓಡುವ ಇಂಡಕ್ಷನ್ ಒಲೆಯನ್ನು ಹೀಗೆ ಅಳೆದು ಆ ಅಂಕಿಯನ್ನು 50 ಹರ್ಟ್ಸ್ ಮಿತಿಗೆ ಹೋಲಿಸುವುದು ತಪ್ಪು.

ವಿದ್ಯುತ್ ಕ್ಷೇತ್ರದ ಭಾಗ ಸಾಧಾರಣ, ಏಕೆಂದರೆ ಹಿಡಿದವರ ಮೈಯೇ ಕ್ಷೇತ್ರವನ್ನು ಬದಲಿಸುತ್ತದೆ. ಅರ್ಥಿಂಗ್ ಇಲ್ಲದ ಲ್ಯಾಪ್‌ಟಾಪ್, ದೀಪಗಳನ್ನು ಪತ್ತೆ ಹಚ್ಚಲು ಸಾಕು.

ರೇಡಿಯೊ ಅಲೆಯ ಭಾಗದಲ್ಲೇ ತಕರಾರು. ಇಲ್ಲಿ ಸೆನ್ಸರ್ ಒಂದೇ ದಿಕ್ಕಿನದು. ಮೀಟರನ್ನು ನಿಲ್ಲಿಸಿ, ಮಲಗಿಸಿ, ತಿರುಗಿಸಿ ಅತಿ ಹೆಚ್ಚಿನ ಅಂಕಿ ಹುಡುಕಬೇಕು. ಈ ಅಲೆಗಳಿಂದ ಮೈಗೆ ಆಗುವ ಖಚಿತ ಪರಿಣಾಮ ಬಿಸಿಯಾಗುವುದು. ಭಾರತ 2012ರಲ್ಲಿ ಟವರುಗಳಿಗೆ ಹಾಕಿದ ಮಿತಿ 1800 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 900 ಮಿಲಿವ್ಯಾಟ್. ಮೀಟರ್ ತೋರಿಸಬಲ್ಲ ಗರಿಷ್ಠ ಅಂಕಿ ಇದರ ನಲವತ್ತೈದನೇ ಒಂದು ಭಾಗ. ಅಂದರೆ ಕೊನೆಯವರೆಗೆ ಏರಿದರೂ ಟವರ್ ನಿಯಮ ಮೀರಿದೆಯೆಂದು ಇದರಿಂದ ಹೇಳಲಾಗದು. 26 ಗಿಗಾಹರ್ಟ್ಸ್‌ನ 5ಜಿ ಇದಕ್ಕೆ ಕಾಣುವುದೂ ಇಲ್ಲ. ಟವರಿನ ದೂರಿಗೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ತಾಣದಲ್ಲಿ ಅರ್ಜಿ ಹಾಕಿ ಅಧಿಕೃತ ಅಳತೆ ಮಾಡಿಸಿ.

ಪೇಸ್‌ಮೇಕರ್ ಇರುವವರು ಈ ಅಂಕಿಗಳ ಮೇಲೆ ತೀರ್ಮಾನ ಮಾಡಬಾರದು. ಇಂಡಕ್ಷನ್ ಒಲೆಯಿಂದ 60 ಸೆಂ.ಮೀ., ಮೊಬೈಲಿನಿಂದ 15 ಸೆಂ.ಮೀ. ಅಂತರವನ್ನು ಮೀಟರ್ ಏನೇ ತೋರಿಸಲಿ, ಕಾಯ್ದುಕೊಳ್ಳಬೇಕು.