ಸೀಸದ ಫಿರಂಗಿ, ಮುಚ್ಚಿದ ಗಾಜಿನ ಪೆಟ್ಟಿಗೆ: ಹಡಗಿನ ಮಾದರಿ ಕಟ್ಟುವವರು ದಯವಿಟ್ಟು ಓದಿ

ಹಳೆಯ ಮರದ ಕಿಟ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡು ಹಡಗು ಕಟ್ಟುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಿಟ್‌ನ ಫಿರಂಗಿ, ಲಂಗರು, ಪುಟ್ಟ ದೋಣಿಗಳು ಸೀಸದಲ್ಲಿ ಎರಕ ಹೊಯ್ದವಾಗಿದ್ದು, ಕಟ್ಟಿ ಮುಗಿಸಿದ ಹಡಗನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟರೆ, ಬಣ್ಣದ ಅಡಿಯಲ್ಲೇ ಆ ಭಾಗಗಳು ಬಿಳಿ ಪುಡಿಯಾಗಿ ಉದುರಬಹುದು. ಆ ಪುಡಿ ವಿಷ. ನನ್ನ ಹಡಗಿಗೆ ಆಗಿದ್ದು ಇದೇ.

ಕಟ್ಟಿದ್ದು ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್, 1:96 ಅಳತೆಯಲ್ಲಿ. 1797ರಲ್ಲಿ ನೀರಿಗಿಳಿದ ಅಮೆರಿಕದ ಈ ಫ್ರಿಗೇಟ್ (ವೇಗದ ಯುದ್ಧ ಹಡಗು) ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಕೆಳಗಿನ ಡೆಕ್‌ನಲ್ಲಿ 24 ಪೌಂಡಿನ ಗುಂಡು ಹಾರಿಸುವ ಉದ್ದ ಫಿರಂಗಿಗಳನ್ನೂ ಮೇಲಿನ ಡೆಕ್‌ನಲ್ಲಿ 32 ಪೌಂಡಿನ ಗುಂಡು ಹಾರಿಸುವ, ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿಗಳನ್ನೂ ಹೊತ್ತಿತ್ತು. ಮಾದರಿ ನೋಡುವವರ ಕಣ್ಣು ಮೊದಲು ಹೋಗುವುದೇ ಆ ಕ್ಯಾರನೇಡ್‌ಗಳ ಸಾಲಿಗೆ. ಕಿಟ್ ಮಾರಿದವರನ್ನು ಕೊಳ್ಳುವ ಮೊದಲೇ ಕೇಳಿದ್ದೆ: ಎರಕದ ಭಾಗಗಳಲ್ಲಿ ಸೀಸ ಇದೆಯೇ? "ಎಲ್ಲ ವೈಟ್ ಮೆಟಲ್, ಸೀಸ ಇಲ್ಲ" ಎಂದು ಬರೆದೇ ಕೊಟ್ಟರು. ಗಾಜಿನ ಪೆಟ್ಟಿಗೆ ಮಾಡಿಸಿದ್ದು ಬೇರೆಯವರ ಹತ್ತಿರ. ಓಕ್ ಮರದ ತಳ, ಅಂಚುಗಳಿಗೆ ಸಿಲಿಕೋನ್ ಸೀಲಂಟ್, ಧೂಳಿನ ಕಣವೂ ಒಳಗೆ ಹೋಗದು, ಮ್ಯೂಸಿಯಂ ಗುಣಮಟ್ಟ ಎಂದು ಭರವಸೆ ಕೊಟ್ಟಿದ್ದರು. ಧೂಳು ನಿಜಕ್ಕೂ ಹೋಗಲಿಲ್ಲ.

ಆ ಫಿರಂಗಿಗಳಿಗೆ ಬಣ್ಣ ಹಚ್ಚಿದ ಕೆಲಸವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಒಂದೊಂದರ ಎರಕದ ಗೆರೆಯನ್ನೂ ಅರದಿಂದ ಉಜ್ಜಿ, ಬಾಯನ್ನು ಸಣ್ಣ ಡ್ರಿಲ್ ಬಿಟ್‌ನಿಂದ ಕೊರೆದು, ಏರ್‌ಬ್ರಷ್‌ನಲ್ಲಿ ತೆಳುವಾಗಿ ಪ್ರೈಮರ್ ಕೊಟ್ಟು, ಮೇಲೆ ಮ್ಯಾಟ್ ಕಪ್ಪು ಹೊಡೆದೆ. ಅಂಚುಗಳಲ್ಲಿ ಕಬ್ಬಿಣದ ಭಾಸ ಬರಲೆಂದು ಒಣ ಬ್ರಷ್‌ನಲ್ಲಿ ಗಾಢ ಬೂದು ಮುಟ್ಟಿಸಿದೆ. ಹಿಮ್ಮೆಟ್ಟುವ ಫಿರಂಗಿಯನ್ನು ಹಿಡಿದಿಡುವ ಹಗ್ಗಗಳನ್ನು ಜೇನುಮೇಣ ಸವರಿ ಕಟ್ಟಿದೆ. ಈ ಹವ್ಯಾಸದಲ್ಲಿ ಇರುವವರಿಗೆ ಗೊತ್ತು, ಒಮ್ಮೆ ರಿಗ್ಗಿಂಗ್ (ಕೂವೆ, ಹಾಯಿಗಳ ಹಗ್ಗ ಕಟ್ಟುವ ಕೆಲಸ) ಮುಗಿದ ಮೇಲೆ ಡೆಕ್‌ಗೆ ಕೈ ಹಾಕಲು ಜಾಗವೇ ಇರುವುದಿಲ್ಲ. ಹಗ್ಗಗಳ ಕಾಡಿನ ನಡುವೆ ಇಕ್ಕಳ ತೂರಿಸಿ ಒಂದು ಫಿರಂಗಿ ಬದಲಿಸುವುದೆಂದರೆ ಹಡಗನ್ನು ಅರ್ಧ ಬಿಚ್ಚಿದ ಹಾಗೆಯೇ.

ಮೊದಲು ಕಂಡದ್ದು ಒಂದು ಕ್ಯಾರನೇಡ್‌ನ ಬಾಯಂಚಿನಲ್ಲಿ ಬಿಳಿ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದರೆ ಕಪ್ಪು ಬಣ್ಣದಲ್ಲಿ ಕೂದಲೆಳೆಯಂಥ ಬಿರುಕುಗಳು. ಬಿರುಕಿನೊಳಗಿಂದ, ಥಂಡಿ ಹಿಡಿದ ಗೋಡೆಯಲ್ಲಿ ಉಪ್ಪು ಹೂತ ಹಾಗೆ, ಬಿಳಿ ಪದಾರ್ಥ ಉಕ್ಕಿಬಂದಿತ್ತು. ಪಕ್ಕದ ಫಿರಂಗಿಯ ಹಿಂಬದಿಯ ಗುಂಡನೆಯ ತುದಿಗೆ ಸೂಜಿಮೊನೆ ತಾಗಿಸಿದೆ. ಅದು ಮುರಿಯಲಿಲ್ಲ, ಪುಡಿಯಾಗಿ ಡೆಕ್ ಮೇಲೆ ಚೆಲ್ಲಿತು. ಲಂಗರಿನ ಒಂದು ಕೊಕ್ಕೆ ಊದಿಕೊಂಡು ಬಣ್ಣದ ಪದರವನ್ನು ಮೇಲೆತ್ತಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿದದ್ದು ವಿನೆಗರ್ ವಾಸನೆ. ಕಾರಣ ಆ ವಾಸನೆಯಲ್ಲೇ ಇತ್ತು.

ವಿನೆಗರ್‌ಗೆ ಹುಳಿ ಕೊಡುವ ಅಸಿಟಿಕ್ ಆಮ್ಲದ ಆವಿ ತೇವದ ಗಾಳಿಯಲ್ಲಿ ಸೀಸಕ್ಕೆ ತಾಗಿದರೆ ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದನ್ನು ಸೀಸದ ಕಾರ್ಬೊನೇಟ್ ಆಗಿ ಬದಲಿಸುತ್ತದೆ, ಆಮ್ಲ ಮತ್ತೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಆಮ್ಲ ಒಳಗಿನ ಹೊಸ ಸೀಸವನ್ನು ಹಿಡಿಯುತ್ತದೆ. ಇಲ್ಲಿ ಆಮ್ಲ ಖರ್ಚಾಗುವುದೇ ಇಲ್ಲ, ಆದ್ದರಿಂದ ಚೂರು ಆವಿ ಇದ್ದರೂ ಸಾಕು. ಕಾರ್ಬೊನೇಟ್‌ಗೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿಯೇ ಬಣ್ಣ ಸೀಳುತ್ತದೆ. ಹಿಂದಿನ ಕಾಲದ ಚಿತ್ರಕಾರರ ಬಿಳಿ ಬಣ್ಣವನ್ನು ತಯಾರಿಸುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಡಚ್ಚರ ವಿಧಾನದಲ್ಲಿ ಮಣ್ಣಿನ ಗಡಿಗೆಯ ತಳಕ್ಕೆ ವಿನೆಗರ್ ಹಾಕಿ, ಮೇಲೆ ಸೀಸದ ಸುರುಳಿ ಇಟ್ಟು, ಗಡಿಗೆಗಳನ್ನು ಗೊಬ್ಬರದಲ್ಲಿ ಹೂಳುತ್ತಿದ್ದರು. ಗೊಬ್ಬರದಿಂದ ಬಿಸಿಯೂ ಇಂಗಾಲದ ಡೈಆಕ್ಸೈಡೂ ಸಿಗುತ್ತಿದ್ದವು. ನನಗೆ ಮಾಡಿಕೊಟ್ಟ ಪೆಟ್ಟಿಗೆಯಲ್ಲಿ ಗೊಬ್ಬರವೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು.

ಆಮ್ಲ ಎಲ್ಲಿಂದ ಬಂತು? ಮೊದಲನೆಯದು ಓಕ್. ಮರಗಳೆಲ್ಲ ಸ್ವಲ್ಪ ಪ್ರಮಾಣದಲ್ಲಿ ಅಸಿಟಿಕ್ ಆಮ್ಲ ಬಿಡುತ್ತವೆ, ಓಕ್ ಮತ್ತು ಚೆಸ್ಟ್‌ನಟ್ ಬಹಳ ಬಿಡುತ್ತವೆ, ಕಡಿದು ವರ್ಷಗಳು ಕಳೆದರೂ ನಿಲ್ಲಿಸುವುದಿಲ್ಲ. ಎರಡನೆಯದು ಸೀಲಂಟ್. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಸಿಟಾಕ್ಸಿ ಜಾತಿಯದು, ಗಟ್ಟಿಯಾಗುತ್ತ ಅಸಿಟಿಕ್ ಆಮ್ಲವನ್ನೇ ಹೊರಹಾಕುತ್ತದೆ. ಅದು ಪೂರ್ತಿ ಒಣಗುವ ಮುನ್ನವೇ ಪೆಟ್ಟಿಗೆ ಮುಚ್ಚಿದರೆ ಎಲ್ಲವೂ ಒಳಗೇ ಉಳಿಯುತ್ತದೆ. ನಾವೆಲ್ಲ ಬಳಸುವ ಬಿಳಿ ಮರದಂಟು ಪಿವಿಎ ಕೂಡ ಕಾಲಕ್ರಮೇಣ ಇದೇ ಆಮ್ಲವನ್ನು ಬಿಡುತ್ತದೆ. ಎಂಡಿಎಫ್, ಪ್ಲೈವುಡ್ ಹಲಗೆಗಳೂ ನಿರಪಾಯವಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಹಡಗು ಮಾದರಿಗಳ ಸೀಸದ ಭಾಗಗಳು ಹೀಗೇ ಕರಗಿಹೋಗಿವೆ. ಅಮೆರಿಕದ ನೌಕಾಪಡೆಯ ಮಾದರಿ ಸಂಗ್ರಹವನ್ನು ನೋಡಿಕೊಳ್ಳುವವರು ಈ ಒಂದು ತೊಂದರೆಯ ಮೇಲೆಯೇ ವಿವರವಾಗಿ ಬರೆದಿದ್ದಾರೆ. ಇಷ್ಟು ಹಳೆಯ, ಇಷ್ಟು ಚೆನ್ನಾಗಿ ತಿಳಿದಿರುವ ಸಂಗತಿಯನ್ನು ಮ್ಯೂಸಿಯಂ ಹೆಸರು ಹೇಳಿ ಪೆಟ್ಟಿಗೆ ಮಾರುವವರು ತಿಳಿದಿರಲೇಬೇಕು ಎಂಬುದು ನನ್ನ ಪಟ್ಟು.

ಇಬ್ಬರನ್ನೂ ಕೇಳಿದೆ. ಕಿಟ್ ಮಾರಿದವರು ಹವಾಮಾನವನ್ನು ದೂರಿದರು. ಪೆಟ್ಟಿಗೆಯವರು "ಅದು ಬೂಷ್ಟು, ಒಣಬಟ್ಟೆಯಲ್ಲಿ ಒರೆಸಿ" ಅಂದರು. ನನಗೆ ಕೋಪ ಬಂದದ್ದು ಈ ಎರಡನೇ ಮಾತಿಗೆ. ಸೀಸದ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಅದು ಗಾಳಿಗೆ ಏಳುತ್ತದೆ, ಮೇಜಿಗೆ, ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಡಗಿನ ಮಾದರಿ ಕಂಡರೆ ಮೂಗು ತಾಗಿಸಿ ನಿಲ್ಲುವವರು ಮಕ್ಕಳೇ ಅಲ್ಲವೇ?

ನಿಮ್ಮ ಬಳಿ ಇರುವುದು ಸೀಸವೋ ಅಲ್ಲವೋ ಎಂದು ಮಾರುವವರ ಬಾಯಿಮಾತಿನಿಂದ ತೀರ್ಮಾನಿಸಬೇಡಿ. ವೈಟ್ ಮೆಟಲ್ ಎಂಬ ಹೆಸರಿಗೆ ಖಚಿತ ಪಾಕವಿಲ್ಲ. ಆ ಹೆಸರಿನಡಿ ಬರುವ ಒಳ್ಳೆಯ ಬ್ರಿಟಾನಿಯಾ ಲೋಹದಲ್ಲಿ ಸುಮಾರು 92 ಶೇಕಡ ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ವೈಟ್ ಮೆಟಲ್ ಹೆಸರಿನಲ್ಲೇ ಬಹುಪಾಲು ಸೀಸವೇ ಇರುವ ಎರಕವೂ ಮಾರಾಟವಾಗುತ್ತದೆ. ಕಾಣದ ಕಡೆ ಸ್ವಲ್ಪ ಕೆರೆದು ಬಿಳಿ ಕಾಗದದ ಮೇಲೆ ಎಳೆಯಿರಿ, ಸೀಸವಾದರೆ ಬೂದು ಗೆರೆ ಬೀಳುತ್ತದೆ. ಇದಕ್ಕಿಂತ ನಂಬಬಹುದಾದದ್ದು ಸಾಂದ್ರತೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಹತ್ತಾರು ಫಿರಂಗಿಗಳನ್ನು ಒಟ್ಟಿಗೆ ದಾರದಲ್ಲಿ ಕಟ್ಟಿ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ಗೊಂಚಲನ್ನು ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಯ ಗುಳ್ಳೆ ಅಂಟಿರಬಾರದು. ಈಗ ಕಾಣುವ ಗ್ರಾಂ ಸಂಖ್ಯೆಯೇ ಆ ಲೋಹದ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಮೊದಲ ತೂಕವನ್ನು ಇದರಿಂದ ಭಾಗಿಸಿ. 7.3ರ ಆಸುಪಾಸು ಬಂದರೆ ತವರ. ಶುದ್ಧ ಸೀಸ 11.3. ನಡುವೆ ಬಂದರೆ ಬೆರಕೆ ಇರಬಹುದು, 8 ದಾಟಿದರೆ ಸೀಸವಿದ್ದರೆ ಬಣ್ಣ ಬದಲಾಗಿ ತೋರಿಸುವ ಪರೀಕ್ಷೆ ಮಾಡಿಸದೆ ಹಡಗಿಗೆ ಹಾಕಬೇಡಿ. ಸೀಸ ಇಲ್ಲ ಎಂದು ಬರೆದುಕೊಟ್ಟ ಆ ಕಿಟ್‌ನ ಉಳಿಕೆ ಭಾಗಗಳನ್ನು ಹೀಗೆ ತೂಗಿದಾಗ ಸಂಖ್ಯೆ 10ನ್ನು ದಾಟಿತು.

ಬಣ್ಣ ಕಾಪಾಡುತ್ತದೆ ಎಂದು ಹೇಳುವವರಿದ್ದಾರೆ. ಇಲ್ಲ. ಆಮ್ಲದ ಆವಿ ಬಣ್ಣದ, ವಾರ್ನಿಷ್‌ನ ಪದರವನ್ನು ದಾಟುತ್ತದೆ, ಅದನ್ನು ನನ್ನ ಫಿರಂಗಿಗಳಲ್ಲೇ ಕಂಡೆ. ಬಣ್ಣ ಹಿಡಿಯಲೆಂದು ಎರಕದ ಭಾಗಗಳನ್ನು ವಿನೆಗರ್‌ನಲ್ಲಿ ನೆನೆಸಿ ಎನ್ನುವ ಸಲಹೆಯೂ ಓಡಾಡುತ್ತಿದೆ. ಹಿತ್ತಾಳೆಗೆ ಅದು ಸರಿ, ಸೀಸಕ್ಕೆ ರೋಗವನ್ನು ನಾವೇ ಅಂಟಿಸಿದಂತೆ.

ಪೆಟ್ಟಿಗೆ ಮಾಡಿಸುವಾಗ ಓಕ್ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಗಾಜು, ಅಕ್ರಿಲಿಕ್, ಲೋಹದ ಚೌಕಟ್ಟು ಒಳ್ಳೆಯದು. ಸಿಲಿಕೋನ್ ಬೇಕೇ ಬೇಕೆಂದರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಅಸಿಟಿಕ್ ಆಮ್ಲ ಬಿಡದ ಜಾತಿ) ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಕಣ್ಣಾರೆ ನೋಡಿ. ಗಾಳಿ ಹೋಗಿಬರಲು ತಳದಲ್ಲಿ ಸಣ್ಣ ರಂಧ್ರಗಳಿರಲಿ, ಧೂಳು ತಡೆಯಲು ಅದಕ್ಕೆ ತೆಳು ಫಿಲ್ಟರ್ ಬಟ್ಟೆ ಸಾಕು.

ಒಂದು ಮರವೋ ಅಂಟೋ ಸರಿಯಾದದ್ದೇ ಎಂದು ತಿಳಿಯಲು ವಸ್ತುಸಂಗ್ರಹಾಲಯದವರು ಮಾಡುವ ಪರೀಕ್ಷೆಯಿದೆ, ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರೂ ಆಡಿ 1973ರಲ್ಲಿ ಪ್ರಕಟಿಸಿದ್ದು. ಪರೀಕ್ಷಿಸಬೇಕಾದ ವಸ್ತುವಿನ ತುಣುಕು, ಬೆಳ್ಳಿ, ತಾಮ್ರ, ಸೀಸದ ಹೊಳೆಯುವ ಚೂರುಗಳು, ತುಸು ನೀರು, ಇಷ್ಟನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುತ್ತಾರೆ. ಸಾವಯವ ಆಮ್ಲ ಇದ್ದರೆ ಸೀಸದ ಚೂರು ಬೆಳ್ಳಗಾಗುತ್ತದೆ. ಪೆಟ್ಟಿಗೆ ಮಾಡುವವರು ಮ್ಯೂಸಿಯಂ ಗುಣಮಟ್ಟ ಅಂದಾಗ ಈ ಪರೀಕ್ಷೆ ಮಾಡಿದ ಮರವೇ, ಈ ಪರೀಕ್ಷೆ ಮಾಡಿದ ಅಂಟೇ ಎಂದು ಕೇಳಿ. ಅವರ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ನಿಮ್ಮ ಹಡಗಿನಲ್ಲಿ ಈಗಾಗಲೇ ಬಿಳಿ ಪುಡಿ ಕಂಡರೆ ಊದಬೇಡಿ, ಒಣ ಬ್ರಷ್ ಹಾಕಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಕೈಗವಸು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿಕೊಂಡು ಒದ್ದೆ ಹತ್ತಿಕಡ್ಡಿಯಿಂದ ತೆಗೆಯಿರಿ. ಆ ಹತ್ತಿಯನ್ನೂ ಹಾಳಾದ ಭಾಗಗಳನ್ನೂ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಮೇಲೆ ಸೀಸ ಎಂದು ಬರೆದು, ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿಗೇ ಕೊಡಿ. ಈ ರೋಗ ಹಿಡಿದ ಭಾಗವನ್ನು ಉಳಿಸುವ ಪ್ರಯತ್ನ ಬೇಡ. ಬ್ರಿಟಾನಿಯಾ, ರೆಸಿನ್, ಲೇತ್‌ನಲ್ಲಿ ಕಡೆದ ಹಿತ್ತಾಳೆ, ಯಾವುದರಲ್ಲಾದರೂ ಹೊಸದು ಹಾಕಿ. ನಾನು ಈಗ ಮೇಲಿನ ಡೆಕ್‌ನ ಹಗ್ಗಗಳನ್ನು ಬಿಚ್ಚಿ ಕ್ಯಾರನೇಡ್‌ಗಳನ್ನೆಲ್ಲ ರೆಸಿನ್‌ಗೆ ಬದಲಿಸುತ್ತಿದ್ದೇನೆ. ಕೆಳಗಿನ ಡೆಕ್‌ನಲ್ಲಿರುವ 24 ಪೌಂಡಿನ ಫಿರಂಗಿಗಳಿಗೆ ಕೈ ಎಟುಕುವುದಿಲ್ಲ, ಅವುಗಳಿಗಾಗಿ ಮೇಲಿನ ಹಲಗೆಗಳನ್ನೇ ಕೀಳಬೇಕು.